ಇಳಿವಯಸ್ಸಿನ ನೆಲೆ: ನಂಬಿಕೆ ಮತ್ತು ವಾಸ್ತವ

ನಿವೃತ್ತಿಯ ದಿನ ಸಮೀಪಿಸಿದಂತೆಲ್ಲ ನಮ್ಮ ಮಧ್ಯಮವರ್ಗದ ಸಂಸಾರಗಳಲ್ಲಿ ‘ಇನ್ನು ಮುಂದೆ ಎಲ್ಲಿ ಇರುವುದು’ ಎಂಬ ಪ್ರಶ್ನೆ ತಾನಾಗಿಯೇ ತಲೆಯೆತ್ತುತ್ತದೆ; ಅದಕ್ಕೆ ದೊರೆಯುವ ಉತ್ತರಗಳಾದರೋ ಬಹುಮಟ್ಟಿಗೆ ಬಂಧುಮಿತ್ರರ ಬಾಯಿಂದ ಬಾಯಿಗೆ ಹರಿದುಬಂದ ನಾಲ್ಕಾರು ನಂಬಿಕೆಗಳ ಮೇಲೆ ನಿಂತಿರುತ್ತವೆ. ತಂಪು ಹವೆಯ ಊರಾಗಬೇಕು, ಹುಟ್ಟೂರಾದರೆ ಎಲ್ಲಕ್ಕಿಂತ ಮೇಲು, ಸಣ್ಣ ಊರಿನಲ್ಲಿ ಖರ್ಚು ಕಡಮೆ, ಮಕ್ಕಳ ಬಳಿಯಿದ್ದರೆ ಮತ್ತಾವ ಚಿಂತೆಯೂ ಇಲ್ಲ ಎಂಬ ಈ ಮಾತುಗಳಲ್ಲಿ ಒಂದೊಂದರಲ್ಲಿಯೂ ಸತ್ಯಾಂಶವುಂಟು. ಆದರೆ ಆ ಅಂಶವನ್ನೇ ಪೂರ್ಣವೆಂದು ಗ್ರಹಿಸಿ, ಜೀವಮಾನದ ಉಳಿತಾಯವನ್ನೆಲ್ಲ ಒಂದು ಮನೆಗೆ ಸುರಿದು, ಕೆಲವೇ ವರ್ಷಗಳಲ್ಲಿ ಪಶ್ಚಾತ್ತಾಪಪಡುವ ಹಿರಿಯರನ್ನು ಕಾಣುವಾಗ ಮನಸ್ಸಿಗೆ ವ್ಯಥೆಯಾಗುತ್ತದೆ. ಅರವತ್ತಕ್ಕೆ ಸೇವೆಯಿಂದ ಬಿಡುಗಡೆ ಹೊಂದಿದವರ ಮುಂದೆ ಇಂದು ಇಪ್ಪತ್ತು, ಇಪ್ಪತ್ತೈದು ವರ್ಷಗಳ ಬಾಳು ಇರುವುದುಂಟು. ಅದು ಏಕರೂಪವಾದ ಬಾಳಲ್ಲ. ಮೊದಲ ಹತ್ತು ವರ್ಷ ಕಾಲಲ್ಲಿ ಬಲವಿರುತ್ತದೆ, ಕಣ್ಣು ತಕ್ಕಮಟ್ಟಿಗೆ ಕಾಣುತ್ತದೆ, ಸ್ಕೂಟರು ಓಡಿಸುವ ಧೈರ್ಯವಿರುತ್ತದೆ, ಪಕ್ಕದಲ್ಲಿ ಸಂಗಾತಿಯಿರುತ್ತಾರೆ. ಅನಂತರದ ವರ್ಷಗಳಲ್ಲಿ ಇವೆಲ್ಲ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಊರನ್ನು ಆರಿಸುವಾಗ ಜನ ಮೊದಲ ಹತ್ತು ವರ್ಷಗಳನ್ನು ಮಾತ್ರ ಕಣ್ಣಮುಂದಿಟ್ಟುಕೊಳ್ಳುತ್ತಾರೆಂಬುದೇ ಎಲ್ಲ ತಪ್ಪು ಕಲ್ಪನೆಗಳ ಮೂಲವೆಂದು ನಾನು ಭಾವಿಸಿದ್ದೇನೆ.

ಹವೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗವೆಂದು ಕರೆಯುತ್ತಿದ್ದ ಕಾಲವೊಂದಿತ್ತು. ಆ ಕೀರ್ತಿಗೆ ಅಲ್ಲಿನ ತಂಪೇ ಕಾರಣವೆಂದು ಎಲ್ಲರೂ ನಂಬಿದ್ದರು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಆ ಊರು ಇಂದಿಗೂ ಅಷ್ಟೇ ಎತ್ತರದಲ್ಲಿದೆ. ನಮ್ಮ ನಾಡಿನ ಬಯಲುಸೀಮೆಯ ಇತರ ನಗರಗಳಿಗೆ ಹೋಲಿಸಿದರೆ ಅಲ್ಲಿನ ಬೇಸಗೆ ಈಗಲೂ ಸಹ್ಯವೇ. ಆದರೂ ಆ ಸ್ವರ್ಗದ ಮಾತನ್ನು ಈಗ ಯಾರೂ ಆಡುವುದಿಲ್ಲ. ಹಾಗಾದರೆ ಅಂದಿನ ಹಿರಿಯರಿಗೆ ನೆಮ್ಮದಿ ಕೊಟ್ಟುದು ಯಾವುದು? 1898ರ ಪ್ಲೇಗಿನ ಹಾವಳಿಯ ತರುವಾಯ ವಿಸ್ತಾರಗೊಂಡು ನೆಲೆನಿಂತ ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಬಸವನಗುಡಿಯ ಮನೆಯೊಂದರಿಂದ ಹೊರಟ ಮುದುಕರು ಗಾಂಧಿಬಜಾರಿನಲ್ಲಿ ತರಕಾರಿ ಕೊಂಡು, ವೈದ್ಯರಲ್ಲಿ ರಕ್ತದೊತ್ತಡ ನೋಡಿಸಿಕೊಂಡು, ದೇವಸ್ಥಾನಕ್ಕೆ ಹೋಗಿ, 1945ರಲ್ಲಿ ಡಿ.ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ಸಂಸ್ಥೆಯಲ್ಲಿ ಒಂದು ಉಪನ್ಯಾಸ ಕೇಳಿ, ಯಾವ ವಾಹನವನ್ನೂ ಹತ್ತದೆ ಮನೆಗೆ ಹಿಂದಿರುಗಬಹುದಾಗಿತ್ತು. ನಡೆದು ಮುಟ್ಟಬಹುದಾದ ದೂರದಲ್ಲಿ ಬದುಕಿಗೆ ಬೇಕಾದುದೆಲ್ಲ ಇದ್ದುದು, ದಾರಿಯಲ್ಲಿ ಗುರುತಿನ ಮುಖಗಳು ಎದುರಾಗುತ್ತಿದ್ದುದು, ರಸ್ತೆ ದಾಟಲು ಅಂಜಿಕೆಯಿಲ್ಲದಿದ್ದುದು, ಇವು ಆ ನೆಮ್ಮದಿಯ ನಿಜವಾದ ಆಧಾರಗಳು. ತಂಪು ಹವೆ ಅವುಗಳ ಜೊತೆಗೆ ದೊರೆತ ಒಂದು ಅನುಕೂಲ.

ಆ ಕೀರ್ತಿ ಈಗ ಮೈಸೂರಿಗೂ ಧಾರವಾಡಕ್ಕೂ ವರ್ಗಾಯಿಸಲ್ಪಟ್ಟಿದೆ; ಎರಡೂ ಉತ್ತಮ ಊರುಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಮೈಸೂರಿನ ಹಳೆಯ ಬಡಾವಣೆಯಾದ ಸರಸ್ವತೀಪುರದಲ್ಲಿ ವಾಸಿಸುವುದು ಬೇರೆ, ಹೊರವರ್ತುಲ ರಸ್ತೆಯಾಚೆಗೆ ಅಲ್ಲೊಂದು ಇಲ್ಲೊಂದು ಮನೆಯೆದ್ದಿರುವ ಹೊಸ ಬಡಾವಣೆಯಲ್ಲಿ ವಾಸಿಸುವುದು ಬೇರೆ. ಎರಡಕ್ಕೂ ಮೈಸೂರೆಂಬ ಹೆಸರಿದ್ದಮಾತ್ರಕ್ಕೆ ಎರಡರ ಬದುಕೂ ಒಂದೇ ಆಗದು. ಇನ್ನು ತಂಪು ಎಲ್ಲರಿಗೂ ಹಿತವೆಂಬುದೂ ನಿಜವಲ್ಲ. ಶ್ವಾಸಕೋಶದ ಕಾಯಿಲೆಯುಳ್ಳವರಿಗೆ ಮಡಿಕೇರಿಯ ಚಳಿಯೂ ತೇವವೂ ಹಿತಕರವಲ್ಲ. ಅತ್ತ ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆಯನ್ನು ಹೃದಯ ದುರ್ಬಲವಾದವರು ತಾಳಲಾರರು. ಡಿಸೆಂಬರಿನಲ್ಲಿ ನಾಲ್ಕು ದಿನ ತಂಗಿ ಮನೆ ಕೊಳ್ಳುವ ಬದಲು, ಆ ಊರಿನ ಅತಿ ಕಠಿಣವಾದ ಋತುವನ್ನೊಳಗೊಂಡಂತೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡುವುದು ಬುದ್ಧಿವಂತಿಕೆ.

ಹುಟ್ಟೂರಿನ ಸೆಳೆತ ಇದಕ್ಕಿಂತ ಆಳವಾದುದು. ಅದನ್ನು ಹಗುರವಾಗಿ ಕಾಣಕೂಡದು. ಹಿರಿಯರು ಕಟ್ಟಿದ ಮನೆ, ತಂದೆ ನೆಟ್ಟ ಹಲಸಿನ ಮರ, ಮನೆದೇವರ ವಾರ್ಷಿಕ ಪೂಜೆ, ಇವುಗಳ ಬಳಿಯಲ್ಲಿ ಕೊನೆಯುಸಿರೆಳೆಯಬೇಕೆಂಬ ಆಸೆ ಸಹಜವಾದುದು, ಗೌರವಾರ್ಹವಾದುದು. ಆದರೆ ಹುಟ್ಟೂರನ್ನು ಪ್ರೀತಿಸುವವರು ಅಲ್ಲಿಗೇ ಹಿಂದಿರುಗಿ ವಾಸಿಸಬೇಕೆಂಬ ನಿಯಮವೇನೂ ಇಲ್ಲ. ಮಲೆನಾಡನ್ನು ಕುವೆಂಪು ಅವರಿಗಿಂತ ಗಾಢವಾಗಿ ಪ್ರೀತಿಸಿದವರನ್ನು ಹೆಸರಿಸುವುದು ಸುಲಭವಲ್ಲ, ಅವರಾದರೋ 1960ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಸ್ಥಾನದಿಂದ ನಿವೃತ್ತರಾದ ಮೇಲೆ, 1994ರಲ್ಲಿ ದೈವಾಧೀನರಾಗುವವರೆಗೆ, ಮೈಸೂರಿನ ತಮ್ಮ ಮನೆ ‘ಉದಯರವಿ’ಯಲ್ಲಿಯೇ ನೆಲಸಿದ್ದರು; ಅವರ ಅಂತ್ಯಸಂಸ್ಕಾರ ಮಾತ್ರ ನಡೆದುದು ಮಲೆನಾಡಿನ ಕುಪ್ಪಳಿಯ ಕವಿಶೈಲದಲ್ಲಿ.

ಬಿಟ್ಟುಬಂದ ಊರು ನಲವತ್ತು ವರ್ಷ ಕಾದುಕೊಂಡು ಕುಳಿತಿರುವುದಿಲ್ಲ. ಜೊತೆಗಾರರಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಉಳಿದವರು ಬೆಂಗಳೂರಿನಲ್ಲಿ ಮಕ್ಕಳ ಮನೆಯಲ್ಲಿರುತ್ತಾರೆ. ಅಣ್ಣತಮ್ಮಂದಿರೊಳಗೆ ಪಾಲಾಗದೆ ಉಳಿದ ಗದ್ದೆ ತೋಟಗಳ ವಿಷಯವಾಗಿ, ದೂರವಿದ್ದಾಗ ಮಾತಿಗೆ ಬಾರದ ಅಸಮಾಧಾನಗಳು ಹತ್ತಿರ ಬಂದೊಡನೆ ಮೇಲೇಳುತ್ತವೆ. ಮಲೆನಾಡಿನ ಒಂಟಿಮನೆಯನ್ನು ಆಷಾಢ ಶ್ರಾವಣಗಳಲ್ಲಿ ಹೋಗಿ ನೋಡಬೇಕು. ಪಾಚಿಗಟ್ಟಿದ ಅಂಗಳವನ್ನು ದಾಟಲು ಅಡಕೆಯ ದಬ್ಬೆಗಳನ್ನು ಹಾಸಿರುತ್ತಾರೆ. ಬಚ್ಚಲುಮನೆ ಹಿತ್ತಲಿನ ಕಡೆ ಎರಡು ಮೆಟ್ಟಿಲು ಕೆಳಗಿರುತ್ತದೆ. ಹೊಸ್ತಿಲು ಮೊಳಕಾಲ ಕೆಳಗಿನವರೆಗೆ ಬರುವಷ್ಟು ಎತ್ತರ. ಗಾಳಿಗೆ ಮರವುರುಳಿ ತಂತಿ ಕಡಿದರೆ ಕರೆಂಟು ಮರಳುವುದು ಯಾವಾಗಲೆಂದು ಹೇಳುವಂತಿಲ್ಲ, ಅದರೊಡನೆ ಫೋನೂ ಮೌನವಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಆ ಅಂಗಳವನ್ನು ಓಡಿ ದಾಟಿದ ಕಾಲು ಎಪ್ಪತ್ತೈದರಲ್ಲಿ ಅಲ್ಲಿ ಜಾರಿದರೆ ತೊಡೆಯ ಸಂದಿನ ಮೂಳೆ ಮುರಿಯುತ್ತದೆ. ಆ ವಯಸ್ಸಿನಲ್ಲಿ ಹಾಗೆ ಬಿದ್ದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಮನೆಗಳೇ ಕೊಚ್ಚಿಹೋದುವೆಂಬುದನ್ನು ನಾವು ಮರೆಯುವಂತಿಲ್ಲ.

ಕಾಯಿಲೆಗಳಲ್ಲಿ ಕೆಲವು ದಿನಗಳನ್ನು ಲೆಕ್ಕಿಸಿದರೆ ಕೆಲವು ಗಂಟೆಗಳನ್ನು ಲೆಕ್ಕಿಸುತ್ತವೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಾಗ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡತಕ್ಕದ್ದು; ಕೊಡುವುದಕ್ಕೆ ಮುನ್ನ ಸಿ.ಟಿ. ಸ್ಕ್ಯಾನ್ ಮಾಡಿ ಅದು ರಕ್ತಸ್ರಾವವಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಹೃದಯಾಘಾತದಲ್ಲಿಯೂ ಮೊದಲ ಗಂಟೆಯ ಚಿಕಿತ್ಸೆಗಿರುವ ಫಲ ಆರನೆಯ ಗಂಟೆಯ ಚಿಕಿತ್ಸೆಗಿರುವುದಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಹೆಪ್ಪು ಕರಗಿಸುವ ಚುಚ್ಚುಮದ್ದು ದೊರೆಯುವಂತಾಗಿರುವುದು ನಿಜಕ್ಕೂ ಸ್ತುತ್ಯವಾದ ಕಾರ್ಯ. ಆದರೆ ಅನಂತರದ ಚಿಕಿತ್ಸೆಗಾಗಿ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕಾಗುತ್ತದೆ. ತೀರ್ಥಹಳ್ಳಿಯವರಿಗೆ ಶಿವಮೊಗ್ಗ ಸುಮಾರು 60 ಕಿಲೋಮೀಟರು. ಮಣಿಪಾಲಕ್ಕಾದರೆ ಆಗುಂಬೆ ಘಾಟಿ ಇಳಿಯಬೇಕು. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ 108 ಆಂಬುಲೆನ್ಸು ತೋಟದ ಮನೆಯ ಬಾಗಿಲಿಗೆ ಬರುವಂತಹ ದಾರಿಯಿದೆಯೇ ಎಂಬುದನ್ನು ಮನೆ ಕೊಳ್ಳುವ ಮೊದಲೇ ಮಳೆಗಾಲದ ಒಂದು ರಾತ್ರಿ ನಿಂತು ಯೋಚಿಸಿದರೆ, ಎಷ್ಟೋ ನಿರ್ಣಯಗಳು ಬದಲಾಗುತ್ತವೆ.

ಹುಟ್ಟೂರಿಲ್ಲದವರಿಗೂ ಈಗ ತೋಟದ ಮನೆಯ ಹಂಬಲ ಹಬ್ಬಿದೆ. 2020ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಹೋಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಅದರಿಂದ, ಜಮೀನು ಕೊಂಡವರು ಅಲ್ಲಿ ಬೇಕಾದಂತೆ ಮನೆ ಕಟ್ಟಬಹುದೆಂಬ ಭ್ರಾಂತಿಯೂ ಹುಟ್ಟಿತು. ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಭೂಕಂದಾಯ ಕಾಯಿದೆಯಂತೆ ಕನ್ವರ್ಷನ್ ಆಗಿರಬೇಕೆಂಬ ಸಾಮಾನ್ಯ ನಿಯಮವನ್ನು ಆ ತಿದ್ದುಪಡಿ ತೆಗೆದುಹಾಕಲಿಲ್ಲ. ಹಾಗೆ ಕನ್ವರ್ಷನ್ ಆಗದ ರೆವಿನ್ಯೂ ಸೈಟನ್ನು ಅಗ್ಗವೆಂದು ಕೊಂಡವರು ಖಾತೆಗಾಗಿ ಅಲೆಯುವುದರಲ್ಲಿಯೇ ವಿಶ್ರಾಂತಿಯ ವರ್ಷಗಳನ್ನು ಸವೆಸುತ್ತಾರೆ.

ಸಣ್ಣ ಊರಿನಲ್ಲಿ ಖರ್ಚು ಕಡಮೆಯೆಂಬುದು ಬಾಡಿಗೆ, ಹಾಲು, ತರಕಾರಿಗಳ ಮಟ್ಟಿಗೆ ಸತ್ಯ. ಆದರೆ ಮುಪ್ಪಿನ ದೊಡ್ಡ ವೆಚ್ಚಗಳು ಇವಲ್ಲ. ಔಷಧಿ, ಪ್ರಯಾಣ, ಕೊನೆಗೆ ಹಗಲಿರುಳು ನೋಡಿಕೊಳ್ಳುವವರ ಸಂಬಳ. ತಿಂಗಳಿಗೊಮ್ಮೆ ತಜ್ಞರನ್ನು ಕಾಣಲು ಕಾರು ಮಾಡಿಕೊಂಡು ದೂರದ ನಗರಕ್ಕೆ ಹೋಗಿಬರುವವರ ಲೆಕ್ಕದಲ್ಲಿ ಬಾಡಿಗೆಯ ಉಳಿತಾಯ ಬಹುಬೇಗ ಕರಗುತ್ತದೆ. ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ನಮ್ಮ ಸರಕಾರಿ ಬಸ್ಸುಗಳಲ್ಲಿ ಶೇಕಡಾ 25ರ ರಿಯಾಯಿತಿಯೂ, 2023ರ ಜೂನಿನಿಂದ ಹೆಂಗಸರಿಗೆ ಉಚಿತ ಪ್ರಯಾಣವೂ ಉಂಟಾದರೂ, ಮಂಡಿನೋವಿನವರು ಬಸ್ಸಿನ ಮೆಟ್ಟಿಲನ್ನು ಹತ್ತಬಲ್ಲವರಾಗಿರಬೇಕಷ್ಟೆ.

ಪಿಂಚಣಿ ಮಂಜೂರಾದ ಊರನ್ನು ಬಿಟ್ಟರೆ ತೊಂದರೆಯಾಗುವುದೆಂಬ ಭಯ ಇನ್ನೂ ಕೆಲವರಲ್ಲಿದೆ, ಅದು ನಿರಾಧಾರವಾದುದು. ಜೀವಂತ ಪ್ರಮಾಣಪತ್ರವನ್ನು 2014ರಿಂದ ‘ಜೀವನ್ ಪ್ರಮಾಣ್’ ಮೂಲಕ ಎಲ್ಲಿಂದ ಬೇಕಾದರೂ ಸಲ್ಲಿಸಬಹುದು. ಭವಿಷ್ಯನಿಧಿಯ ಪಿಂಚಣಿದಾರರಿಗೆ 2025ರ ಆರಂಭದಿಂದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಹಣ ದೊರೆಯುತ್ತಿದೆ.

ಮಕ್ಕಳ ಬಳಿಗೆ ಹೋಗುವ ವಿಷಯ ಸೂಕ್ಷ್ಮವಾದುದು. ಹೋಗಬಾರದೆಂದು ಹೇಳುವುದು ನನ್ನ ಉದ್ದೇಶವಲ್ಲ. ಮೈಸೂರಿನ ಯಾದವಗಿರಿಯಲ್ಲಿ ಮನಸಾರೆ ಮನೆ ಕಟ್ಟಿಸಿಕೊಂಡಿದ್ದ ಆರ್.ಕೆ. ನಾರಾಯಣ್ ಅವರು, ದೇಹಾರೋಗ್ಯ ಕೆಟ್ಟಾಗ ತಮ್ಮವರ ಆರೈಕೆಯನ್ನರಸಿ ಚೆನ್ನೈಗೆ ಹೋಗಿ, 2001ರಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರಿಯವಾದ ಊರಿಗಿಂತ ಹತ್ತಿರದ ಕೈ ಹೆಚ್ಚಿನದಾಗುವ ಕಾಲ ಎಲ್ಲರಿಗೂ ಬರಬಹುದು. ಆದರೆ ಮಕ್ಕಳ ಉದ್ಯೋಗ ಇಂದು ಪುಣೆಯಲ್ಲಿದ್ದರೆ ನಾಳೆ ಡಲ್ಲಾಸಿನಲ್ಲಿರಬಹುದು. ಅವರನ್ನು ನೆಚ್ಚಿ ಇದ್ದ ಮನೆಯನ್ನು ಮಾರಿದವರಿಗೆ ಆಗ ಹಿಂದಿರುಗಲು ನೆಲೆಯಿರದು. ಇದಕ್ಕಿಂತ ಗುರುತರವಾದ ತಪ್ಪು ಕಲ್ಪನೆ ದಾನಪತ್ರದ್ದು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯಿದೆ ಇರುವುದರಿಂದ, ಮಗ ಮಗಳು ಕಡೆಗಣಿಸಿದರೆ ಕೊಟ್ಟ ಮನೆಯನ್ನು ಹಿಂದಕ್ಕೆ ಪಡೆಯಬಹುದೆಂದು ಜನ ಧೈರ್ಯ ತಳೆದಿದ್ದಾರೆ. ಆ ಕಾಯಿದೆಯ 23ನೆಯ ಕಲಮು ಹೇಳುವುದಿಷ್ಟು: ಕೊಟ್ಟವರ ಮೂಲಭೂತ ಅಗತ್ಯಗಳನ್ನು ಪೂರೈಸತಕ್ಕದ್ದೆಂಬ ಷರತ್ತಿಗೊಳಪಟ್ಟು ಆಸ್ತಿ ವರ್ಗಾವಣೆಯಾಗಿದ್ದು, ಪಡೆದವರು ಆ ಷರತ್ತನ್ನು ಮುರಿದರೆ, ಉಪವಿಭಾಗಾಧಿಕಾರಿಗಳು ನಡೆಸುವ ನ್ಯಾಯಮಂಡಲಿ ಆ ವರ್ಗಾವಣೆಯನ್ನು ರದ್ದುಗೊಳಿಸಬಹುದು. ಷರತ್ತಿನ ಮಾತೇ ಇಲ್ಲದೆ ‘ಪ್ರೀತಿ ವಿಶ್ವಾಸಗಳಿಂದ’ ಎಂದಷ್ಟೇ ಬರೆದುಕೊಟ್ಟವರ ಹಾದಿ ಬಹಳ ಕಠಿಣ. ವಿಲ್ಲಾದರೋ ಜೀವವಿರುವವರೆಗೆ ಬದಲಾಯಿಸಬಹುದಾದ ಪತ್ರ; ಮನೆಯೊಂದೇ ಆಸ್ತಿಯಾಗಿರುವ ಹಿರಿಯರು ಅದನ್ನು ದಾನವಾಗಿ ಬರೆದುಕೊಡುವುದು ನನ್ನ ದೃಷ್ಟಿಯಲ್ಲಿ ಸರ್ವಥಾ ಅವಿವೇಕ.

ಹಣ ಕೊಟ್ಟು ಸೇರುವ ಹಿರಿಯರ ವಸತಿಸಮುಚ್ಚಯಗಳನ್ನು ಅನಾಥಾಲಯಗಳಂತೆ ಕಾಣುವ ಸಂಕೋಚ ಈಗ ಕ್ರಮೇಣ ಕರಗುತ್ತಿದೆ; ಅದು ಕರಗಬೇಕಾದುದೇ. ಆದರೆ ಅಲ್ಲಿ ಸೇರಿದೊಡನೆ ಕೊನೆಯವರೆಗಿನ ಆರೈಕೆ ದೊರೆಯುವುದೆಂಬ ನಂಬಿಕೆ ಬೇರೊಂದು ತಪ್ಪು. ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆ ಬಂದವರನ್ನು ಇಟ್ಟುಕೊಳ್ಳುತ್ತಾರೆಯೇ, ಠೇವಣಿ ಯಾವಾಗ ಎಷ್ಟು ಹಿಂದಿರುಗುತ್ತದೆ, ಮಾಸಿಕ ಶುಲ್ಕ ಯಾವ ಕ್ರಮದಲ್ಲಿ ಏರುತ್ತದೆ ಎಂಬುದನ್ನು ಕರಾರುಪತ್ರದಲ್ಲಿಯೇ ಓದಿ ನೋಡಬೇಕು. ಏಕೆಂದರೆ ಇಂತಹ ವಸತಿಗಳ ವಿಷಯವಾಗಿ ಕೇಂದ್ರ ಸರಕಾರ 2019ರಲ್ಲಿ ಹೊರಡಿಸಿದುದು ಮಾದರಿ ಮಾರ್ಗಸೂಚಿ ಮಾತ್ರ.

ಇಷ್ಟನ್ನೂ ವಿಚಾರಿಸಿದ ಮೇಲೆಯೂ ಬಹುತೇಕ ದಂಪತಿಗಳು ಕೇಳಿಕೊಳ್ಳದ ಪ್ರಶ್ನೆಯೊಂದು ಉಳಿಯುತ್ತದೆ. ಮನೆಯನ್ನು ಇಬ್ಬರಿಗಾಗಿ ಆರಿಸುತ್ತಾರೆ. ಅದರಲ್ಲಿ ಕೊನೆಯವರೆಗೆ ಇರುವವರು ಒಬ್ಬರೇ. ನಮ್ಮ ಸಮಾಜದಲ್ಲಿ ಗಂಡನಿಗಿಂತ ಹೆಂಡತಿ ಕಿರಿಯಳಾಗಿರುವುದೂ, ಹೆಂಗಸರ ಆಯುಸ್ಸು ಸರಾಸರಿಯಲ್ಲಿ ಹೆಚ್ಚಾಗಿರುವುದೂ ಕೂಡಿ, ಉಳಿಯುವವರು ಹೆಚ್ಚಾಗಿ ಮನೆಯೊಡತಿಯೇ. ಯಜಮಾನರ ಕಾರನ್ನೂ ಅವರ ಸ್ನೇಹಿತರ ಕೂಟವನ್ನೂ ಅವರ ಇಂಗ್ಲಿಷ್ ಪತ್ರವ್ಯವಹಾರವನ್ನೂ ನೆಚ್ಚಿ ನಡೆಯುತ್ತಿದ್ದ ಸಂಸಾರ, ಅವರು ಹೋದ ಮರುವಾರವೇ ಆಕೆಗೆ ದುರ್ಗಮವಾಗುತ್ತದೆ. ಆದುದರಿಂದ ಊರು ನೋಡಲು ಹೋದಾಗ, ಕಾರನ್ನು ಬಿಟ್ಟು, ಯಜಮಾನರು ಮನೆಯಲ್ಲಿ ಕುಳಿತು, ಆಕೆಯೊಬ್ಬರೇ ಒಂದು ಸಂಜೆ ಔಷಧಿ ಅಂಗಡಿಗೂ ಬ್ಯಾಂಕಿಗೂ ದೇವಸ್ಥಾನಕ್ಕೂ ನಡೆದು ಹೋಗಿ ಕತ್ತಲಾದ ಮೇಲೆ ಹಿಂದಿರುಗಿ ಬರಲಿ; ರಾತ್ರಿ ಎರಡು ಗಂಟೆಗೆ ಕೂಗಿದರೆ ಬಾಗಿಲು ತೆರೆದು ಬರುವ ನೆರೆಯವರು ಯಾರೆಂದು ವಿಚಾರಿಸಲಿ; ಆ ಊರಿನ ಮಾತು ಆಕೆಗೆ ಬರುತ್ತದೆಯೇ, ಒಡಹುಟ್ಟಿದವರಲ್ಲಿ ಯಾರಾದರೂ ಸಮೀಪದಲ್ಲಿರುವರೇ ಎಂದು ಎಣಿಸಿ ನೋಡಲಿ. ಸಮ್ಮತವೆಂದು ಆಕೆ ಹೇಳಿದ ಮೇಲೆ ಕ್ರಯಪತ್ರವನ್ನು ಇಬ್ಬರ ಹೆಸರಿನಲ್ಲಿ ನೋಂದಾಯಿಸಿ, ಖಾತೆಯಲ್ಲಿಯೂ ಇಬ್ಬರ ಹೆಸರನ್ನೂ ಏರಿಸಿ, ಬ್ಯಾಂಕಿನ ಲೆಕ್ಕವನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಮಾಡಿಸಿ, ಆ ತಿಂಗಳಿನಿಂದಲೇ ವಿದ್ಯುತ್ತಿನ ಬಿಲ್ಲು ಕಟ್ಟುವುದನ್ನೂ ಪಿಂಚಣಿಯ ಹಣ ತೆಗೆಯುವುದನ್ನೂ ಆಕೆಯ ಕೈಗೆ ಒಪ್ಪಿಸತಕ್ಕದ್ದು.