ಹೆಣ್ಣಾಳು, ಗಂಡಾಳು ಮತ್ತು ಕಾಯಕದ ಬೆಲೆ

ರೋಣ, ನರಗುಂದ, ಗಜೇಂದ್ರಗಡಗಳ ಎರೆಯ ಸೀಮೆಯಲ್ಲಿ ಕೂಲಿಗೆ ಎರಡು ಹೆಸರುಗಳುಂಟು: ಹೆಣ್ಣಾಳಿನ ಕೂಲಿ, ಗಂಡಾಳಿನ ಕೂಲಿ. ಹೊಲದ ಈ ಅಳತೆಯೇ ಗುಡಿ-ಮಠಗಳ ಅಂಗಳವನ್ನೂ ಹೊಕ್ಕಿರುವುದು ವಿಚಾರಾರ್ಹವಾಗಿದೆ. ದಾಸೋಹದ ಮನೆಯಲ್ಲಿ ಹಂಡೆಯ ಮುಂದೆ ನಿಲ್ಲುವ ಗಂಡಸಿಗೆ ತಿಂಗಳ ಪಗಾರ. ಕಾಳು ಹಸನುಮಾಡಿ, ರೊಟ್ಟಿ ಬಡಿದು, ಮುಸುರೆ ತಿಕ್ಕುವ ಹೆಂಗಸಿಗೆ ದಿನಗೂಲಿ, ಇಲ್ಲವೆ ಹಬ್ಬಕ್ಕೊಂದು ಸೀರೆ ಎಂಬ ಏರ್ಪಾಡು ಅಪರೂಪವಲ್ಲ. ಅವನದು ನೌಕರಿ, ಅವಳದು ಸೇವೆ! ವೇತನದ ಭೇದವು ಹೆಸರಿನ ಈ ಭೇದದಲ್ಲಿಯೇ ಮೊದಲಾಗುತ್ತದೆ.

ಶರಣರಲ್ಲಿ ಹೆಸರಿನ ಈ ಭೇದವಿರಲಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂಬಂತೆಯೇ ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಎಂದರು. ನೂಲುವುದೂ ಬತ್ತ ಕುಟ್ಟುವುದೂ ಅಲ್ಲಿ ಹೆಸರುಳ್ಳ ಕಾಯಕಗಳು.

ಆದರೆ ಕೆಲವರು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಮುಂದೊಡ್ಡುವರು. ಪತಿ ಮಾರಯ್ಯನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ ಹಿಂದಿರುಗಿಸೆಂದವಳು ಅವಳಲ್ಲವೆ, ಮಠದಲ್ಲಿ ದುಡಿಯುವ ಹೆಣ್ಣುಮಗಳು ಹೆಚ್ಚಿಗೆ ಬೇಡಬಹುದೆ ಎಂದು. ಇದು ಅರ್ಥವನ್ನು ತಿರುಚುವ ಮಾತು. ಲಕ್ಕಮ್ಮನ ನಿರ್ಲೋಭವು ದುಡಿದವಳು ತಾನಾಗಿ ಹಿಡಿದ ವ್ರತ; ದುಡಿಸಿಕೊಳ್ಳುವವನು ಅದನ್ನು ಅವಳ ಮೇಲೆ ಹೇರಲಾಗದು. ಮೇಲಾಗಿ ಅವಳು ತಡೆದದ್ದು ಗಂಡನ ಆಸೆಯನ್ನು. ಆ ಪಾಠವನ್ನು ನಾವು ಹೆಂಗಸರಿಗೆ ಮಾತ್ರ ಒಪ್ಪಿಸುತ್ತಿರುವುದು ವಿಚಿತ್ರವೇ ಸರಿ.

ಇದೇ ಸೀಮೆಯ ಸೂಡಿಯ ಶಾಸನಗಳಲ್ಲಿ, 11ನೆಯ ಶತಮಾನದಲ್ಲಿ ಕಿಸುಕಾಡನ್ನು ಆಳಿದ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಹೆಸರಿದೆ. ಆ ಕಾಲದ ದೇವಾಲಯ ಶಾಸನಗಳು ಪೂಜಾರಿಗೆ, ವಾದ್ಯಗಾರರಿಗೆ, ಪಾತ್ರದವರಿಗೆ ಇಷ್ಟಿಷ್ಟು ಮತ್ತರು ಭೂಮಿಯೆಂದು ಹೇಳುವುದುಂಟು. ಪಾಲುಗಳು ಸಮವಾಗಿದ್ದವೆಂದಲ್ಲ, ಹೆಂಗಸಿನ ಪಾಲೂ ಕಲ್ಲಿನ ಮೇಲೆ ಬಯಲಾಗಿತ್ತು.

ನಮ್ಮ ಕಾಲದಲ್ಲಿ ಆ ಕಲ್ಲಿನ ಸ್ಥಾನದಲ್ಲಿ ಕಾಯಿದೆಯಿದೆ. 1976ರ ಸಮಾನ ವೇತನ ಕಾಯಿದೆಯು ಒಂದೇ ಬಗೆಯ ಕೆಲಸಕ್ಕೆ ಸ್ತ್ರೀಪುರುಷರಿಗೆ ಒಂದೇ ವೇತನವೆಂದಿತು. ಆ ನಿಯಮ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಮೆಕಿನನ್ ಮೆಕೆಂಜಿ ಕಂಪನಿಯ ಸ್ಟೆನೋಗ್ರಾಫರ್ ಆಡ್ರೆ ಡಿಕೋಸ್ಟಾ ಅವರ ಪ್ರಕರಣದಲ್ಲಿ, 1987ರಲ್ಲಿ, ಕೊಡುವ ಶಕ್ತಿಯಿಲ್ಲವೆಂಬುದು ಕಾರಣವಾಗದೆಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಬಡ ಮಠವೆಂಬ ಸಮಾಧಾನಕ್ಕೆ ಇದು ಉತ್ತರ.

ಹಂಡೆಯ ಅಡಿಗೆಯೂ ನೂರಾರು ರೊಟ್ಟಿ ಬಡಿಯುವುದೂ ಒಂದೇ ಬಗೆಯ ಕೆಲಸವೆ? ಕೌಶಲ, ಶ್ರಮ, ಹೊಣೆ ಇವನ್ನು ತೂಗಿ ನೋಡಬೇಕೆನ್ನುತ್ತದೆ ಕಾಯಿದೆ. ತೂಗುವ ಮುನ್ನ ರೊಟ್ಟಿ ಬಡಿಯುವವಳ ಹೆಸರು ಹಾಜರಿ ಪುಸ್ತಕದಲ್ಲಿರಬೇಕಷ್ಟೆ.