ಕೃತಕ ಉಗುರಿನ ಹಿಂದಿನ ಬೆರಳುಗಳು

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಕರೋಶಿಗೆ ಬಂದಿದ್ದಳು. ಚಿಕ್ಕೋಡಿ ತಾಲ್ಲೂಕಿನ ಕರೋಶಿ ನಮ್ಮ ಊರು. ತಟ್ಟೆಯಲ್ಲಿ ಫರಾಳ ಹಿಡಿದು ಎಲ್ಲರಿಗೂ ಹಂಚುತ್ತ ಬಂದವಳ ಕೈಯನ್ನು ನನ್ನ ಅವ್ವ ತಟ್ಟನೆ ಹಿಡಿದುಕೊಂಡಳು. ಬೆರಳುಗಳ ತುದಿ ಕೆಂಪಾಗಿ ಸುಲಿದಿತ್ತು. ಉಗುರಿನ ಅಂಚಿನ ಚರ್ಮ ಅಲ್ಲಲ್ಲಿ ಬಿರುಕು ಬಿಟ್ಟಿತ್ತು.

‘ಅಲ್ಲೇನ ಕೆಲಸಾ ಮಾಡ್ತಿ?’ ಎಂದು ಅವ್ವ ಕೇಳಿದಳು.

‘ಉಗುರು ಮಾಡ್ತೀನಿ, ಆಯಿ’ ಎಂದಳು ಹುಡುಗಿ. ಅಜ್ಜಿಯನ್ನು ಆಯಿ ಎನ್ನುವುದು ನಮ್ಮ ಮನೆಯ ರೂಢಿ.

ಸುತ್ತ ಕುಳಿತವರು ನಕ್ಕರು. ದೇವರು ಕೊಟ್ಟ ಉಗುರಿರುವಾಗ ಇನ್ನೊಂದು ಉಗುರನ್ನು ಮಾಡುವುದೂ ಒಂದು ಉದ್ಯೋಗವೇ ಎಂಬ ನಗು ಅದು. ಎಂಬತ್ತು ದಾಟಿದ ಅವ್ವ ಮಾತ್ರ ನಗಲಿಲ್ಲ. ಎಲೆ–ಅಡಿಕೆಯ ಸಂಚಿಯೊಳಗೆ ಕೈಹಾಕಿ, ಬಾಗಿಸಿದ ಪುಟ್ಟ ತಗಡಿನ ಚೂರೊಂದನ್ನು ತೆಗೆದು ಮೊಮ್ಮಗಳ ಅಂಗೈಯಲ್ಲಿಟ್ಟಳು. ಅದೂ ಒಂದು ಉಗುರೇ ಆಗಿತ್ತು.

ಅವ್ವನ ತವರು ನಿಪ್ಪಾಣಿ. ಬೀಡಿ ತಂಬಾಕಿಗೆ ಹೆಸರಾದ ಆ ಪಟ್ಟಣದಲ್ಲಿ ಅವಳು ಮದುವೆಗೆ ಮುಂಚೆ ಬೀಡಿ ಕಟ್ಟುತ್ತಿದ್ದಳು; ಮದುವೆಯಾದ ಮೇಲೂ ತವರಿಗೆ ಹೋದಾಗಲೆಲ್ಲ ಮೊರ ಹಿಡಿದು ಕೂರುತ್ತಿದ್ದಳು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಇಟ್ಟು, ಸುರುಳಿ ಸುತ್ತಿ, ಕೊನೆಗೆ ಬಾಯಿಯನ್ನು ಒಳಕ್ಕೆ ಮಡಚಬೇಕು. ಮಡಚುವ ಕೆಲಸ ಉಗುರಿನದು. ದಿನಕ್ಕೆ ನೂರಾರು ಬಾರಿ ಮಡಚಿದರೆ ಯಾವ ಉಗುರು ತಾನೇ ಉಳಿದೀತು? ಹಾಗಾಗಿ ಬೆರಳಿಗೆ ತಗಡಿನ ಉಗುರನ್ನು ತೊಡಿಸಿಕೊಳ್ಳುತ್ತಿದ್ದರು. ಅಜ್ಜಿಯ ಮನೆಯ ಪಡಸಾಲೆಯಲ್ಲಿ ಆ ತಗಡು ‘ಟಕ್ ಟಕ್’ ಎನ್ನುತ್ತಿದ್ದುದನ್ನು ಕೇಳುತ್ತ ನಾನು ರಜೆಗಳನ್ನು ಕಳೆದಿದ್ದೇನೆ. ಕೃತಕ ಉಗುರು ಎಂದೊಡನೆ ನಮಗೆ ಸಿರಿವಂತರ ವಿಲಾಸ ನೆನಪಾಗುತ್ತದೆ. ನಾನು ಕಂಡ ಮೊದಲ ಕೃತಕ ಉಗುರು ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುವ ಹೆಣ್ಣಿನ ಬೆರಳಲ್ಲಿತ್ತು.

ಸೊಸೆಯಂದಿರೆಲ್ಲ ಒಳಗೆ ಹೋದ ಮೇಲೆ ಹುಡುಗಿ ತನ್ನ ಕಸುಬನ್ನು ನಮಗೆ ವಿವರಿಸಿದಳು. ಫ್ಯಾಷನ್ ಷೋಗಳಿಗೆ, ಜಾಹೀರಾತಿನ ಛಾಯಾಗ್ರಹಣಕ್ಕೆ ಬೇಕಾಗುವ ತಾತ್ಕಾಲಿಕ ಉಗುರುಗಳನ್ನು ಸಿದ್ಧಪಡಿಸುವುದು ಅವಳ ಕೆಲಸ. ಮಾರುಕಟ್ಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಉಗುರುಗಳಿಗೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಳತೆಗಳಿರುತ್ತವೆ. ಸೊನ್ನೆ ಎಲ್ಲಕ್ಕಿಂತ ಅಗಲ, ಒಂಬತ್ತು ಎಲ್ಲಕ್ಕಿಂತ ಕಿರಿದು. ರೂಪದರ್ಶಿಯ ಹತ್ತೂ ಬೆರಳುಗಳ ಅಳತೆಯನ್ನು ಮೊದಲೇ ಪಡೆದು ಅದಕ್ಕೆ ಹೊಂದುವ ಉಗುರುಗಳನ್ನು ಆರಿಸಬೇಕು. ಎರಡು ಅಳತೆಗಳ ನಡುವೆ ಬೆರಳು ಬಂದರೆ ದೊಡ್ಡದನ್ನು ತೆಗೆದುಕೊಂಡು ಬದಿಗಳನ್ನು ಅರದಿಂದ ಉಜ್ಜಿ ಕೂರಿಸಬೇಕು. ಬಳಿಕ ಪುಟ್ಟ ಕಂಬಗಳಿಗೆ ಅಂಟಿಸಿ ನಿಲ್ಲಿಸಿ ತಳಲೇಪ, ಎರಡು ಸಲ ಬಣ್ಣ, ಮೇಲೆ ಹೊಳಪಿನ ಲೇಪ ಬಳಿಯಬೇಕು. ಜೆಲ್ ಎಂಬ ಮಂದ ದ್ರವವಾದರೆ ಪ್ರತಿ ಲೇಪವನ್ನೂ ಅತಿನೇರಳೆ ಕಿರಣದ ದೀಪದ ಕೆಳಗೆ ಹಿಡಿದು ಗಟ್ಟಿಯಾಗಿಸಬೇಕು.

ವೇದಿಕೆಯ ಉಗುರು ಬೇರೆ, ಕ್ಯಾಮೆರಾದ ಉಗುರು ಬೇರೆ ಎನ್ನುತ್ತಾಳೆ ಅವಳು. ವೇದಿಕೆಯಲ್ಲಿ ದೂರದವರಿಗೂ ಕಾಣಬೇಕಾದ್ದರಿಂದ ಉದ್ದ ಮತ್ತು ಬಣ್ಣ ಎರಡೂ ಎದ್ದು ತೋರಬೇಕು. ಒಡವೆಯ ಜಾಹೀರಾತಿನಲ್ಲಿ ಇದಕ್ಕೆ ತದ್ವಿರುದ್ಧ: ಉಗುರು ಚಿನ್ನದ ಬಣ್ಣವನ್ನು ನುಂಗಬಾರದು, ದೀಪದ ಬೆಳಕನ್ನು ಪ್ರತಿಫಲಿಸಬಾರದು. ಹತ್ತಿರದಿಂದ ಚಿತ್ರ ತೆಗೆಯುವ ಮಸೂರದ ಮುಂದೆ ಒಂದು ಧೂಳಿನ ಕಣವೂ ಕಲ್ಲಿನಂತೆ ಕಾಣುತ್ತದೆ. ‘ಮಾಮಾ, ಉಗುರು ಹಚ್ಚಿದ್ದು ಯಾರಿಗೂ ಗೊತ್ತಾಗಲಿಲ್ಲಂದ್ರ ನನ್ನ ಕೆಲಸಾ ಚಲೋ ಆಗೇದ ಅಂತ ತಿಳೀರಿ’ ಎಂದಳು.

ಚಿತ್ರೀಕರಣದ ದಿನ ರೂಪದರ್ಶಿಯ ಉಗುರಿನ ಜಿಡ್ಡನ್ನು ಒರೆಸಿ, ಎರಡೂ ಬದಿ ಅಂಟುವ ಪುಟ್ಟ ಪಟ್ಟಿಯಿಟ್ಟು, ಗಾಳಿ ಉಳಿಯದಂತೆ ಬುಡದಿಂದ ತುದಿಗೆ ಒತ್ತಿ ಕೂರಿಸುತ್ತಾರೆ. ಕೆಲವು ಗಂಟೆಗಳ ಕೆಲಸಕ್ಕೆ ಇಷ್ಟು ಸಾಕು. ಬಿಚ್ಚುವಾಗ ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ, ಅಂಚಿಗೆ ಎಣ್ಣೆ ಬಿಟ್ಟು, ಮೆಲ್ಲಗೆ ಸಡಿಲಿಸಬೇಕು. ಅವಸರದಲ್ಲಿ ಕಿತ್ತರೆ ಸಹಜ ಉಗುರಿನ ಪದರವೂ ಕಿತ್ತು ಬರುತ್ತದೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ, ಹಾಳಾದದ್ದು ಪೂರ್ತಿ ಹೊಸದಾಗಲು ಆರು ತಿಂಗಳಾದರೂ ಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುವ ನಮ್ಮ ಗಾದೆಯಲ್ಲಿ ಉಗುರು ಅಲ್ಪವಾದುದರ ಸಂಕೇತ. ಅದನ್ನು ಮರಳಿ ಪಡೆಯುವುದು ಮಾತ್ರ ಅಲ್ಪ ಕಾಲದ ಮಾತಲ್ಲ.

ಇಂದಿನ ಕೃತಕ ಉಗುರಿನ ಚರಿತ್ರೆ ಆರಂಭವಾಗುವುದು ಅಲಂಕಾರ ಗೃಹದಲ್ಲಲ್ಲ, ದಂತವೈದ್ಯರ ಕೋಣೆಯಲ್ಲಿ. 1950ರ ದಶಕದಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ಅವರ ಉಗುರು ಕೆಲಸದ ವೇಳೆ ಮುರಿಯಿತು. ಹಲ್ಲಿಗೆ ಬಳಸುವ ಅಕ್ರಿಲಿಕ್‌ನಿಂದಲೇ ಅವರು ಅದನ್ನು ಸರಿಪಡಿಸಿಕೊಂಡರು. ಆ ಉಪಾಯವೇ ಮುಂದೆ ಒಂದು ಉದ್ಯಮವಾಯಿತು. ಅದರ ತೊಂದರೆಗಳೂ ಬೇಗನೆ ಕಾಣಿಸಿಕೊಂಡವು. ಉಗುರು ಹಾಳಾದ, ಚರ್ಮ ಉರಿದ ದೂರುಗಳು ಬಂದ ಮೇಲೆ, ಬರೀ ಮೀಥೈಲ್ ಮೆಥಾಕ್ರಿಲೇಟ್ ದ್ರವದಿಂದ ಕೂಡಿದ ಉಗುರು ಸಾಮಗ್ರಿಗಳನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1970ರ ದಶಕದಲ್ಲಿ ಮಾರುಕಟ್ಟೆಯಿಂದ ತೆಗೆಸಿತು. ಆದರೆ ಅಕ್ರಿಲೇಟ್ ಕುಟುಂಬದ ಇತರ ರಾಸಾಯನಿಕಗಳು ಇಂದಿನ ಜೆಲ್‌ಗಳಲ್ಲೂ ಇವೆ.

ಇವು ಗಟ್ಟಿಯಾದ ಮೇಲೆ ಹೆಚ್ಚು ಉಪದ್ರವ ಕೊಡುವುದಿಲ್ಲ. ಅಪಾಯವಿರುವುದು ದ್ರವವಾಗಿರುವಾಗ ಅಥವಾ ಅರೆಬರೆ ಗಟ್ಟಿಯಾದಾಗ. ಪದೇ ಪದೇ ಚರ್ಮಕ್ಕೆ ತಾಗಿದರೆ ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಸುತ್ತದೆ. ಹಾಗೆ ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಲ್ಲಿನ ಕುಳಿ ತುಂಬುವ ಕೆಲವು ಸಾಮಗ್ರಿಗಳಲ್ಲಿ ಮತ್ತು ಕೀಲು ಬದಲಾವಣೆಯಲ್ಲಿ ಬಳಸುವ ಸಿಮೆಂಟಿನಲ್ಲಿ ಇರುವುದೂ ಇದೇ ಕುಟುಂಬದ ರಾಸಾಯನಿಕ. ಆದ್ದರಿಂದ ಇಂದು ಬೆರಳಲ್ಲಿ ಕಾಣಿಸಿಕೊಂಡ ತುರಿಕೆ ಮುಂದೊಂದು ದಿನ ಚಿಕಿತ್ಸೆಗೂ ಅಡ್ಡಿಯಾಗಬಹುದೆಂದು ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಎಚ್ಚರಿಸಿತ್ತು. ದಂತವೈದ್ಯರ ಕೋಣೆಯಿಂದ ಹೊರಟ ಉಗುರು ಹೀಗೆ ಮತ್ತೆ ಅದೇ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ತಾತ್ಕಾಲಿಕ ಉಗುರು ಧರಿಸುವವರ ಮಟ್ಟಿಗೆ ಸಾಕಷ್ಟು ಸುರಕ್ಷಿತ. ಅದು ಪೂರ್ತಿ ಗಟ್ಟಿಯಾದ ಮೇಲಷ್ಟೇ ಅವರ ಬೆರಳಿಗೆ ಬರುತ್ತದೆ, ಸಂಜೆಗೆ ಕಳಚಿಹೋಗುತ್ತದೆ. ಹಸಿ ಜೆಲ್ಲಿನ ಜತೆ, ಅರದ ಧೂಳಿನ ಜತೆ ದಿನವಿಡೀ ಇರುವವಳು ಅದನ್ನು ತಯಾರಿಸುವವಳು. ಅಂದರೆ ಅಪಾಯ ಇಲ್ಲವಾಗಿಲ್ಲ. ಒಂದು ಬೆರಳಿನಿಂದ ಇನ್ನೊಂದು ಬೆರಳಿಗೆ ವರ್ಗವಾಗಿದೆ. ನಿಯಮಗಳೂ ಈ ದಾರಿಯಲ್ಲೇ ನಡೆದಿವೆ. ಅಲರ್ಜಿಗೆ ಮುಖ್ಯ ಕಾರಣವಾದ ಹೇಮಾ ಎಂಬ ಅಕ್ರಿಲೇಟ್ ಇರುವ ಉಗುರು ಸಾಮಗ್ರಿಗಳು ವೃತ್ತಿಪರರ ಬಳಕೆಗೆ ಮಾತ್ರ ಎಂದು ಐರೋಪ್ಯ ಒಕ್ಕೂಟ 2020ರಲ್ಲಿ ನಿಯಮ ಮಾಡಿತು. ಗ್ರಾಹಕಿಗೆ ರಕ್ಷಣೆ ದೊರೆಯಿತು. ವೃತ್ತಿಪರಳ ಗತಿಯೇನು? ಜೆಲ್ಲನ್ನು ಗಟ್ಟಿಗೊಳಿಸಲು ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಅದೇ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ಪೂರ್ಣವಾಗಿ ನಿಷೇಧಿಸಿದೆ. ಸಂತಾನಶಕ್ತಿಗೆ ಹಾನಿ ತರಬಹುದೆಂಬುದು ಅದಕ್ಕೆ ಕಾರಣ. ಇಂಥ ನಿಷೇಧ ಮಾತ್ರ ಧರಿಸುವವಳನ್ನೂ ತಯಾರಿಸುವವಳನ್ನೂ ಒಟ್ಟಿಗೇ ಕಾಯುತ್ತದೆ.

ನಮ್ಮ ಹುಡುಗಿಗೆ ಚರ್ಮವೈದ್ಯರು ಹೇಳಿದ್ದು ಒಂದೇ ಮಾತು: ಹಸಿ ಜೆಲ್ ಮುಟ್ಟಬೇಡ. ಆಕೆ ಕೆಲಸ ಮಾಡುವ ಸ್ಟುಡಿಯೊದಲ್ಲಿ ಕೈಗವಸು ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಹೆಚ್ಚಿನ ಕೆಲಸವನ್ನು ಬಾಡಿಗೆ ಕೋಣೆಗೇ ಒಯ್ದು ರಾತ್ರಿ ಮಾಡುತ್ತಾಳೆ. ಒಂದು ಸೆಟ್ಟಿಗೆ ಇಷ್ಟು ಎಂದು ಸಂಬಳ. ರಜೆಯ ಲೆಕ್ಕ, ವೈದ್ಯರ ಖರ್ಚಿನ ಲೆಕ್ಕ ಯಾವುದೂ ಇಲ್ಲ.

ಇದನ್ನು ಕೇಳುತ್ತಿದ್ದಂತೆ ನನಗೆ ನಿಪ್ಪಾಣಿಯೇ ನೆನಪಾಯಿತು. ಸಿಗರೇಟು, ಬೀಡಿಯ ಪೊಟ್ಟಣಗಳ ಮೇಲೆ ಸೇದುವವನಿಗೆ ಎಚ್ಚರಿಕೆಯಿದೆ. ತಂಬಾಕನ್ನು ಬರಿಗೈಯಲ್ಲಿ ಹಿಡಿಯುವವಳ ಚರ್ಮದೊಳಕ್ಕೂ ನಿಕೋಟಿನ್ ಇಳಿಯುತ್ತದೆಂಬುದು ಯಾವ ಪೊಟ್ಟಣದ ಮೇಲೂ ಇಲ್ಲ. ಆದರೂ ಬೀಡಿ ಕಾರ್ಮಿಕರು ಒಂದು ಹೆಜ್ಜೆ ಮುಂದೆ ಹೋಗಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು, ಮಾಲೀಕ ಕೊಟ್ಟ ಎಲೆ–ತಂಬಾಕಿನಿಂದ ಮನೆಯಲ್ಲೇ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂದು ಒಪ್ಪಿತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಎಂಬತ್ತರ ದಶಕದ ಆರಂಭದಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಬೀದಿಗಿಳಿದರು. ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ ಬಳಗವು ಆ ಹೋರಾಟವನ್ನು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ 1982ರಲ್ಲಿ ಹಿಡಿದಿಟ್ಟಿದೆ. 1966ರ ಆ ಕಾಯ್ದೆ ಈಗ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಕಾಯ್ದೆಗಳು ಎಷ್ಟರಮಟ್ಟಿಗೆ ಪಾಲನೆಯಾದವು ಎಂಬುದು ಬೇರೆ ಪ್ರಶ್ನೆ. ತಗಡಿನ ಉಗುರು ತೊಟ್ಟವಳು ದುಡಿಯುತ್ತಿದ್ದಾಳೆಂಬುದನ್ನಾದರೂ ನಾಡು ಒಪ್ಪಿಕೊಂಡಿತ್ತು. ಪ್ಲಾಸ್ಟಿಕ್ಕಿನ ಉಗುರು ಮಾಡುವವಳ ಕೆಲಸವನ್ನು ನಾವಿನ್ನೂ ಹುಡುಗಿಯರ ಷೋಕಿ ಎಂದೇ ಎಣಿಸುತ್ತಿದ್ದೇವೆ.

ಬೇಕಾದ್ದು ದೊಡ್ಡದೇನಲ್ಲ. ನೈಟ್ರೈಲ್ ಕೈಗವಸು, ಅದೂ ಪದೇ ಪದೇ ಬದಲಿಸುವಷ್ಟು. ಏಕೆಂದರೆ ಈ ದ್ರವ ತೆಳುವಾದ ಕೈಗವಸನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಧೂಳು ಹೊರಹೋಗುವ ಕಿಟಕಿ, ಜೆಲ್ಲಿಗೆ ಹೊಂದುವ ಸರಿಯಾದ ದೀಪ, ಬಾಟಲಿಯಲ್ಲಿ ಏನಿದೆ ಎಂದು ಹೇಳುವ ಚೀಟಿ. ಬ್ಯೂಟಿಷಿಯನ್ ತರಬೇತಿ ಕೊಡುವ ಕೇಂದ್ರಗಳು ಬಣ್ಣ ಬಳಿಯುವುದರ ಜತೆಗೆ ಬೆರಳು ಕಾಯ್ದುಕೊಳ್ಳುವುದನ್ನೂ ಪಾಠವಾಗಿ ಸೇರಿಸಬೇಕು. ಒಂದು ಜಾಹೀರಾತಿಗೆ ಲಕ್ಷಗಟ್ಟಲೆ ಸುರಿಯುವವರಿಗೆ ಇದು ಹೊರೆಯಾಗಲಾರದು.

ಊರಿನಿಂದ ಹೊರಡುವ ದಿನ ಹುಡುಗಿ ಕಸುಬು ಬಿಡುತ್ತಾಳೆಂದು ನಾನು ಭಾವಿಸಿದ್ದೆ. ಅವಳು ಬಿಡಲಿಲ್ಲ. ‘ಕೈಗೆ ಹತ್ತಿದ ವಿದ್ಯಾ ಮಾಮಾ, ಹೆಂಗ ಬಿಡ್ಲಿ?’ ಎಂದಳು. ಮೊನ್ನೆ ಫೋನ್ ಮಾಡಿದ್ದಳು. ಜೆಲ್ ಕೆಲಸವನ್ನು ಕೈಬಿಟ್ಟು, ಅಳತೆ ನೋಡಿ ಕೂರಿಸುವ ಕೆಲಸವನ್ನಷ್ಟೇ ಉಳಿಸಿಕೊಂಡಿದ್ದಾಳಂತೆ, ದುಡಿಮೆ ಅರ್ಧಕ್ಕಿಳಿದಿದೆ. ಜೆಲ್ ಬಳಿಯಲು ಸ್ಟುಡಿಯೊದವರು ಇನ್ನೊಬ್ಬ ಹುಡುಗಿಯನ್ನು ತೆಗೆದುಕೊಂಡಿದ್ದಾರೆ. ಅವಳಿಗೆ ಕೈಗವಸು ಕೊಟ್ಟಿದ್ದಾರೆಯೇ ಎಂದು ಕೇಳಿದೆ. ‘ನಾನು ಒಂದು ಡಬ್ಬಿ ತಂದು ಇಟ್ಟೇನಿ’ ಎಂದಳು.