ಬಿಸಿಲಿಗೊಂದು ಮರೆ

ರಾಯಚೂರಿನ ಕಡೆಯವರಿಗೆ ಬಿಸಿಲಿನ ವಿಷಯದಲ್ಲಿ ಒಂದು ಬಗೆಯ ಅಭಿಮಾನವಿದೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ನೆಂಟರು ಚೈತ್ರ ಕಳೆಯುವುದರೊಳಗೆ ‘ಅಬ್ಬಾ, ಇದೇನು ಬಿಸಿಲು!’ ಎಂದು ಬೀಸಣಿಗೆಗೆ ಕೈಯಿಕ್ಕಿದರೆ, ‘ಇದೇನ್ ಬಿಸಲ್ರೀ? ವೈಶಾಖ ಬರ್ಲಿ, ತಡೀರಿ’ ಎಂದು ಮನೆಯವರು ನಗುತ್ತಾರೆ. ತಮ್ಮೂರಿನ ತೇರನ್ನು ಕುರಿತು ಆಡುವಂತೆ ಆಡುವ ಮಾತು ಅದು. ಈ ಸೀಮೆಯಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಇಲ್ಲಿಯೇ ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೂ ಆ ಅಭಿಮಾನವಿತ್ತು. ನಡುಹಗಲಿನಲ್ಲಿ ಬರಿದಲೆಯಲ್ಲಿ ಕಾಲೇಜಿಗೆ ನಡೆದುಹೋಗುವುದೇ ಒಂದು ಪೌರುಷವೆಂದು ತಿಳಿದಿದ್ದೆ. ಆ ಅಭಿಮಾನಕ್ಕೆ ಪೆಟ್ಟು ಬಿದ್ದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯ ಒಬ್ಬ ವಿದ್ಯಾರ್ಥಿನಿ ಕಣ್ಣುಗಳನ್ನುಳಿದು ಮುಖವನ್ನೆಲ್ಲ ದುಪಟ್ಟಾದಿಂದ ಸುತ್ತಿಕೊಂಡು, ಮೊಣಕೈ ಮುಚ್ಚುವ ಕೈಗವಸು ತೊಟ್ಟು ಬರುತ್ತಿದ್ದಳು. ತರಗತಿಯೊಳಗೆ ಕಿಟಕಿಯ ಪಕ್ಕದ ಜಾಗ ತೆರವಿದ್ದರೂ ಗೋಡೆಯ ಮಗ್ಗುಲಿಗೇ ಕೂಡುತ್ತಿದ್ದಳು. ಒಂದು ದಿನ ಹಳಗನ್ನಡ ಕಾವ್ಯದ ನಾಯಿಕಾವರ್ಣನೆಯ ಪಾಠ ನಡೆದಿತ್ತು. ಮೈಬಣ್ಣ ಕೆಟ್ಟೀತೆಂದು ಬಿಸಿಲಿಗೆ ಹೆದರಿ ಮುಸುಕಿಕ್ಕುವ ಇಂದಿನ ನಾಯಿಕೆಯರನ್ನು ಕುರಿತು ನಾನೊಂದು ಚಟಾಕಿ ಹಾರಿಸಿದೆ. ತರಗತಿ ನಕ್ಕಿತು, ಎಲ್ಲರ ಕಣ್ಣುಗಳೂ ಗೋಡೆಯ ಮಗ್ಗುಲಿಗೆ ಹೊರಳಿದುವು. ಆಕೆಯೂ ನಕ್ಕಳು. ಗಂಟೆಯಾದ ಮೇಲೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, ಬೇರೆಯವರು ಇಲ್ಲದುದನ್ನು ನೋಡಿಕೊಂಡು, ‘ಸರ್, ಬೆಳ್ಳಗಾಗಬೇಕಂತ ಅಲ್ರಿ. ನನಗ ಬಿಸಲು ತಾಗಬಾರದಂತ ಡಾಕ್ಟರು ಹೇಳ್ಯಾರ್ರಿ’ ಎಂದು ಮೆಲ್ಲಗೆ ಹೇಳಿ ಹೋದಳು.

ಆಕೆಗಿದ್ದುದು ಲೂಪಸ್ ಎಂಬ ವ್ಯಾಧಿ. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ತೋಳವೆಂದು ಅರ್ಥ. ಶರೀರವನ್ನು ಕಾಯಬೇಕಾದ ಶಕ್ತಿಯೇ ಶರೀರದ ಮೇಲೆ ತಿರುಗಿ ಬೀಳುವ ಈ ರೋಗ ಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಕೆನ್ನೆಗಳ ಮೇಲೂ ಮೂಗಿನ ಮೇಲೂ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಕೆಂಪು ಏಳುವುದು ಅದರ ಒಂದು ಗುರುತು. ಬಿಸಿಲು ಬಿದ್ದರೆ ಅನೇಕರಲ್ಲಿ ಅದು ಕೆರಳುತ್ತದೆ. ಚರ್ಮದಲ್ಲಿಯೇ ನಿಲ್ಲದೆ ಕೀಲುನೋವು, ದಣಿವುಗಳೂ ಮರುಕಳಿಸಬಹುದು. ನಾನು ಸೌಂದರ್ಯಲಾಲಸೆಯೆಂದು ಹಾಸ್ಯಮಾಡಿದುದು ಆಕೆಯ ಔಷಧದ ಒಂದು ಭಾಗವಾಗಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಗೆ ಅಂದು ಸಂಜೆಯೆಲ್ಲ ಕಹಿಯಾಗಿತ್ತು.

ಆಮೇಲೆ ಬಿಸಿಲನ್ನು ಕುರಿತು ಅಷ್ಟಿಷ್ಟು ಓದಿದೆ. ನಮ್ಮ ಅಭಿಮಾನದ ಬಿಸಿಲು ಒಂದಲ್ಲ, ಎರಡು ಎಂಬುದು ತಿಳಿಯಿತು. 1801ರಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬ ವಿಜ್ಞಾನಿ, ಪಟ್ಟಕದ ಮೂಲಕ ಬೆಳಕನ್ನು ಏಳು ಬಣ್ಣವಾಗಿ ಬಿಡಿಸಿ, ಅದರ ಕೆಳಗೆ ಬೆಳ್ಳಿಯ ಕ್ಲೋರೈಡನ್ನು ಇಟ್ಟು ನೋಡಿದ. ಬೆಳಕು ತಾಗಿದರೆ ಕಪ್ಪಾಗುವುದು ಆ ಲವಣದ ಗುಣ. ನೇರಳೆಯ ಅಂಚಿನಾಚೆ, ಕಣ್ಣಿಗೆ ಯಾವ ಬಣ್ಣವೂ ಕಾಣದ ಎಡೆಯಲ್ಲಿ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ನೇರಳಾತೀತ ಕಿರಣವೆಂದು ನಾವು ಕರೆಯುವುದು ಇದನ್ನೇ. ಚರ್ಮವನ್ನು ಸುಡುವುದು, ಕಾಲಕ್ಕೆ ಮುಂಚೆ ಸುಕ್ಕುಗಟ್ಟಿಸುವುದು, ಕಣ್ಣಿನ ಪೊರೆಗೆ ಒಂದು ಕಾರಣವಾಗುವುದು, ಚರ್ಮದ ಅರ್ಬುದಕ್ಕೆ ದಾರಿಮಾಡುವುದು ಈ ಕಿರಣ. ಬೆವರಿಳಿಸುವ ಕಾವು ಬೇರೆ. ನಮ್ಮಲ್ಲಿ ಕಾವು ಏರುವುದು ಮೂರು ಗಂಟೆಯ ಸುಮಾರಿಗೆ. ಕಿರಣ ಏರುವುದು ಹೊತ್ತು ನೆತ್ತಿಗೆ ಬಂದಾಗ, ಎಂದರೆ ಹನ್ನೆರಡೂಕಾಲರ ಆಸುಪಾಸಿನಲ್ಲಿ. ತೆಳುಮೋಡವೂ ತಂಗಾಳಿಯೂ ಕಾವನ್ನು ತಗ್ಗಿಸಿಯಾವು. ಕಿರಣವನ್ನು ಅಷ್ಟಾಗಿ ತಡೆಯಲಾರವು. ನಮ್ಮನ್ನು ನೋಡಿ ಕನಿಕರಪಡುವ ಬೆಂಗಳೂರಿನ ನೆಂಟರು ಇದನ್ನು ಗಮನಿಸಬೇಕು. ಅವರ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಎತ್ತರಕ್ಕೆ ಏರಿದಂತೆ ಕಿರಣವೂ ಬಲಿಯುತ್ತದೆ. ಅಲ್ಲಿ ಏಪ್ರಿಲ್ 24ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೊಮ್ಮೆ, ನಡುಹಗಲಿನಲ್ಲಿ ನೆಟ್ಟ ಕಂಬದ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಮಳೆಗಾಲದ ತಂಪಿನ ಆ ಎರಡನೆಯ ದಿನ ಬಿಸಿಲಿಗೆ ಅಂಜುವವರು ಯಾರು?

ಗಡಿಯಾರವಿಲ್ಲದವರಿಗೂ ಒಂದು ಅಳತೆಯಿದೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿದ್ದರೆ ಮರೆ ಹುಡುಕಬೇಕು. ಈ ಸೂತ್ರವನ್ನು ಪುಸ್ತಕದಲ್ಲಿ ಓದಿದಾಗ ನನಗೆ ನಮ್ಮ ತಂದೆಯವರ ನೆನಪಾಯಿತು. ಅವರು ನಸುಕಿನಲ್ಲಿ ಹೊಲಕ್ಕೆ ಹೋದರೆ ಹೊತ್ತೇರುವುದರೊಳಗೆ ಬೇವಿನ ಮರದ ಬುಡಕ್ಕೆ ಬಂದು ಬುತ್ತಿ ಬಿಚ್ಚುತ್ತಿದ್ದರು. ಇಳಿಹೊತ್ತಿಗೆ ಮತ್ತೆ ಎದ್ದರೆ ಕತ್ತಲಾಗುವವರೆಗೆ ಕೆಲಸ. ‘ಬಿಸಲ ಕೂಡ ಜಿದ್ದು ಮಾಡಬಾರದಪಾ ತಮ್ಮಾ’ ಎನ್ನುತ್ತಿದ್ದರು. ಓದಿದ ಮಗನಿಗೆ ಅದು ಸೋಮಾರಿತನದ ಸಮರ್ಥನೆಯಂತೆ ಕೇಳುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಬೇಸಗೆ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಂತೆ ಆಜ್ಞೆಯಾಗುತ್ತದೆ. ಒಳ್ಳೆಯದೇ. ಆದರೆ ಗುಮಾಸ್ತರು ಮನೆಗೆ ಹೊರಡುವುದು ಬಿಸಿಲು ಇನ್ನೂ ಉರಿಯುವ ಹೊತ್ತಿನಲ್ಲಿ. ದಿನಗೂಲಿಯವರಿಗಂತೂ ಅಂಥ ಆಜ್ಞೆ ತಲಪುವುದೇ ಇಲ್ಲ.

ಉಡುಗೆಯಲ್ಲಿಯೂ ನಮ್ಮ ಹಿರಿಯರು ಅಜ್ಞರಾಗಿರಲಿಲ್ಲ. ಹತ್ತಿ ಬಿಡಿಸಲು ಹೋಗುವ ಹೆಣ್ಣಾಳುಗಳು ಸೀರೆಯ ಮೇಲೆ ಗಂಡಸರ ಹಳೆಯ ತುಂಬುದೋಳಿನ ಅಂಗಿ ತೊಟ್ಟು, ತಲೆಗೆ ವಸ್ತ್ರ ಬಿಗಿದಿರುತ್ತಾರೆ. ಪೇಟೆಯವರ ಕಣ್ಣಿಗೆ ಅದು ವಿಚಿತ್ರವಾಗಿ ಕಂಡೀತು. ಕಿರಣಕ್ಕೆ ಅದಕ್ಕಿಂತ ಒಳ್ಳೆಯ ಅಡ್ಡಿಯನ್ನು ಅವರ ಗಳಿಕೆಯಲ್ಲಿ ಕೊಳ್ಳಲು ಬಾರದು. ಕುರಿಗಾಹಿಯ ಹೆಗಲ ಕರಿಯ ಕಂಬಳಿಯನ್ನು ನೋಡಿ, ಈ ಧಗೆಯಲ್ಲಿ ಇದೇಕೆಂದು ನಾವು ಬೆರಗಾಗುತ್ತೇವೆ. ಮರುಭೂಮಿಯ ಬೆದೂಯಿನ್ ಜನ ಕರಿಯ ನಿಲುವಂಗಿ ತೊಡುವುದನ್ನು ಕಂಡು ಇದೇ ಪ್ರಶ್ನೆ ಕೇಳಿಕೊಂಡ ವಿಜ್ಞಾನಿಗಳು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಕರಿಯ ಬಟ್ಟೆ ಹೆಚ್ಚು ಕಾವನ್ನು ಹೀರುವುದು ನಿಜ. ಆದರೆ ಉಡುಪು ಸಡಿಲವಾಗಿದ್ದರೆ ಆ ಹೆಚ್ಚಿನ ಕಾವು ಮೈಗೆ ಮುಟ್ಟುವ ಮುನ್ನವೇ ಗಾಳಿಯ ಪಾಲಾಗುತ್ತದೆ. ಸಡಿಲವಾಗಿರಬೇಕು ಎಂಬುದೇ ಇಲ್ಲಿಯ ಮರ್ಮ.

ಬಿಳಿಯ ತೆಳು ಬಟ್ಟೆಯನ್ನು ನಾವು ಬೇಸಗೆಯ ಪರಮಮಿತ್ರನೆಂದು ನಂಬಿದ್ದೇವೆ. ಕಾವಿನ ಮಟ್ಟಿಗೆ ನಂಬಬಹುದು. ಕಿರಣದ ಮಟ್ಟಿಗೆ ಅದು ಅರೆಮನಸ್ಸಿನ ಕಾವಲುಗಾರ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳು 1996ರಲ್ಲಿ ಬಟ್ಟೆಗಳ ಈ ಗುಣವನ್ನು ಅಳೆಯಲು ಒಂದು ಕ್ರಮವನ್ನು ಗೊತ್ತುಮಾಡಿದುವು. 50 ಎಂಬ ಅಂಕೆಯಿದ್ದರೆ ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಗಿಳಿಯಿತೆಂದು ತಿಳಿಯಬೇಕು. ತೆಳುವಾದ ಬಿಳಿಯ ಹತ್ತಿಬಟ್ಟೆಯ ಅಂಕೆ ಹತ್ತನ್ನೂ ಮುಟ್ಟದಿರಬಹುದು. ಬೆವರಿಗೋ ನೀರಿಗೋ ಒದ್ದೆಯಾದರೆ ಇನ್ನೂ ಇಳಿಯುತ್ತದೆ. ಒತ್ತಾದ ನೇಯ್ಗೆ, ಗಾಢವಾದ ಬಣ್ಣ ಇವು ಹೆಚ್ಚು ತಡೆಯುತ್ತವೆ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಅತ್ತಣ ಬೆಳಕು ಇತ್ತ ಧಾರಾಳವಾಗಿ ಬಂದರೆ ಬಿಸಿಲೂ ಬರುತ್ತದೆ. ತೆರೆದಿರುವ ಮುಖ, ಕತ್ತು, ಮುಂಗೈಗಳಿಗೆ ಲೇಪನಗಳಿವೆ. ಹೊರಗಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾದ, ಬೆಲೆಯುಳ್ಳ ವಸ್ತು ಅದು.

ಹಳೆಯದೆಲ್ಲ ಪೂರ್ಣವೆಂದು ನನ್ನ ವಾದವಲ್ಲ. ನಮ್ಮ ರುಮಾಲು ನೆತ್ತಿಯನ್ನು ಕಾಯುತ್ತದೆ. ಸೂರಿಲ್ಲದ ಮನೆಯಂತೆ ಹಣೆಯಿಂದೀಚೆಗೆ ಅದು ನಿಸ್ಸಹಾಯ. ಮೂಗು, ಕಿವಿ, ಕಣ್ಣುಗಳಿಗೆ ನೆರಳು ಬೀಳಬೇಕಾದರೆ ಸುತ್ತಲೂ ನಾಲ್ಕು ಬೆರಳಗಲದ ಅಂಚುಳ್ಳ ಟೊಪ್ಪಿಗೆ ಬೇಕು. ತಂದೆಯವರ ಎರಡೂ ಕಣ್ಣುಗಳಲ್ಲಿ ಪೊರೆ ಬಂದು ಶಸ್ತ್ರಚಿಕಿತ್ಸೆಯಾಯಿತು. ವಯಸ್ಸೂ ಅದಕ್ಕೆ ಕಾರಣವೆಂಬುದನ್ನು ಬಲ್ಲೆ. ಆದರೂ ಕಪ್ಪು ಕನ್ನಡಕವನ್ನು ಷೋಕಿಯ ವಸ್ತುವೆಂದು ನಾನೇ ಒಮ್ಮೆ ಅವರ ಮುಂದೆ ಹೀಗಳೆದುದು ಆಗ ನೆನಪಾಯಿತು.

ಗಾಜು ಬಿಸಿಲನ್ನು ಕಾಯುತ್ತದೆಂಬುದೂ ಅರ್ಧ ಸತ್ಯವೇ. ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆ 2012ರಲ್ಲಿ, 28 ವರ್ಷ ಲಾರಿ ನಡೆಸಿದ 69 ವಯಸ್ಸಿನವರೊಬ್ಬರ ಚಿತ್ರವನ್ನು ಅಚ್ಚುಮಾಡಿತು. ಆ ದೇಶದಲ್ಲಿ ಚಾಲಕನ ಕಿಟಕಿ ಎಡಗಡೆಗಿರುತ್ತದೆ. ಅವರ ಮುಖದ ಎಡಭಾಗ ಬಲಭಾಗಕ್ಕಿಂತ ಎಷ್ಟೋ ವರ್ಷ ಹಿರಿದಾದಂತೆ ಸುಕ್ಕುಗಟ್ಟಿತ್ತು. ನೇರಳಾತೀತದ ಒಂದು ಬಗೆ ಕಿಟಕಿಯ ಗಾಜನ್ನು ಹಾದು ಬರುತ್ತದೆ. ನನ್ನ ವಿದ್ಯಾರ್ಥಿನಿ ಗೋಡೆಯ ಮಗ್ಗುಲಿಗೆ ಏಕೆ ಕೂಡುತ್ತಿದ್ದಳೆಂಬುದು ಆ ಚಿತ್ರವನ್ನು ಕಂಡ ದಿನ ನನಗೆ ತಿಳಿಯಿತು.

ನನ್ನ ತಪ್ಪಿನ ಬೇರು ಬೇರೊಂದು ಕಡೆಗಿದೆ. ಬಿಸಿಲಿಗೆ ಮರೆ ಎಂದೊಡನೆ ನಮಗೆ ತೋರುವುದು ಬಣ್ಣ. ಜಾಹೀರಾತುಗಳು ಅದನ್ನೇ ಹೇಳಿಕೊಟ್ಟಿವೆ. ವಧುಪರೀಕ್ಷೆಗೆ ಬಂದವರು ಅದನ್ನೇ ಕೇಳುತ್ತಾರೆ. ಕಪ್ಪು ಬಣ್ಣ ರೋಗವಲ್ಲ, ಬಿಸಿಲಿಗೆ ಮೈ ತಾನೇ ನೇಯ್ದುಕೊಂಡ ಒಂದು ತೆಳು ಹೊದಿಕೆ. ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಅರ್ಬುದ ನಮ್ಮಲ್ಲಿ ಕಾಣದಿರುವುದು ಅದರ ದಯೆಯಿಂದ. ಅಷ್ಟರಿಂದ ಕಣ್ಣು ಉಳಿಯಲಾರದು. ಲೂಪಸ್‌ನಂಥ ರೋಗವುಳ್ಳವರಿಗೆ ಅದು ಸಾಲದು.

ಸಂಸ್ಕೃತದಲ್ಲಿ ಕೊಡೆಗೆ ಆತಪತ್ರವೆಂಬ ಹೆಸರುಂಟು. ಬಿಸಿಲಿನಿಂದ ಕಾಯುವುದು ಎಂದು ಅರ್ಥ. ಮಳೆಯ ಸುದ್ದಿಯೇ ಅದರಲ್ಲಿಲ್ಲ. ಛತ್ರದಿಂದಲೇ ಛಾತ್ರ ಎಂಬ ಶಬ್ದ ಬಂದಿತೆಂದು ಪಾಣಿನೀಯದ ವ್ಯಾಖ್ಯಾನಕಾರರು ಹೇಳುತ್ತಾರೆ. ಗುರುವಿನ ದೋಷವನ್ನು ಕೊಡೆಯಂತೆ ಮರೆಮಾಡುವವನು ಶಿಷ್ಯ. ಎಷ್ಟೋ ಸಲ ಪಾಠ ಹೇಳಿದ್ದ ಈ ವ್ಯುತ್ಪತ್ತಿ ನನಗೆ ಅರ್ಥವಾದುದು, ತುಂಬಿದ ತರಗತಿಯಲ್ಲಿ ಉತ್ತರ ಕೊಡದೆ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದ ಆ ಹುಡುಗಿಯಿಂದ. ಮರುದಿನ ತರಗತಿಯಲ್ಲಿ, ಆಕೆಯ ಕಾಯಿಲೆಯ ಮಾತೆತ್ತದೆ, ನಾನು ಆಡಿದ್ದು ತಪ್ಪೆಂದು ಹೇಳಿದೆ. ಆಕೆ ಪದವಿ ಮುಗಿಸಿ ಈಗ ಅಧ್ಯಾಪಕಿಯಾಗಿದ್ದಾಳೆ. ಬಿಸಿಲಿನಿಂದ ಹುಟ್ಟುವ ಡಿ ಜೀವಸತ್ವವನ್ನು ವೈದ್ಯರ ಸಲಹೆಯಂತೆ ಮಾತ್ರೆಯಲ್ಲಿ ತೆಗೆದುಕೊಳ್ಳುತ್ತಾಳಂತೆ.

ನಾನಂತೂ ಕರಿಯ ಕೊಡೆ ಹಿಡಿದು ಕಾಲೇಜಿಗೆ ಹೋಗುತ್ತಿದ್ದೇನೆ. ಮಳೆಯಿಲ್ಲದ ಊರಿನಲ್ಲಿ ಕೊಡೆ ಹಿಡಿದ ಮೇಷ್ಟರನ್ನು ಕಂಡು ಹುಡುಗರು ಬೆನ್ನ ಹಿಂದೆ ‘ಛತ್ರಪತಿ’ ಎನ್ನುತ್ತಾರಂತೆ.